ಮಗ ರೂಮು ಬಿಟ್ಟು ಬರುತ್ತಿರಲಿಲ್ಲ: ಅಪ್ಪ-ಅಮ್ಮ ಮೊದಲು ಏನು ಬದಲಿಸಿದರು

(ಗುರುತು ಸಿಗದಂತೆ ಊರು, ಕಸುಬು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಹುಡುಗನೂ ಮನೆಯವರೂ ಒಪ್ಪಿದ್ದಾರೆ.)

ಹುಡುಗನಿಗೆ 23 ವರ್ಷ. ಬೆಂಗಳೂರಿನ ಪಿಜಿಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದ. ಕೆಲವು ಸಬ್ಜೆಕ್ಟ್ ಪಾಸಾಗದೆ ಬ್ಯಾಕ್‌ಲಾಗ್ ಉಳಿದವು. ಜೊತೆಯವರು ಪಾಸಾಗಿ ಕೆಲಸಕ್ಕೆ ಸೇರಿದರು. ಇವನು ಗಂಟುಮೂಟೆ ಕಟ್ಟಿಕೊಂಡು ಹಾಸನ ಜಿಲ್ಲೆಯ ತನ್ನ ಊರಿಗೆ ಬಂದ. "ಒಂದು ತಿಂಗಳು ಇದ್ದು ಓದ್ಕೊಂಡು ಹೋಗ್ತೀನಿ" ಅಂದವನು ಒಂದೂವರೆ ವರ್ಷವಾದರೂ ಹೋಗಿರಲಿಲ್ಲ. ಬೆಳಗಿನ ಜಾವದವರೆಗೆ ಮೊಬೈಲ್, ಮಧ್ಯಾಹ್ನದವರೆಗೆ ನಿದ್ದೆ. ಊಟ ರೂಮಿಗೇ ಹೋಗಬೇಕು. ಸ್ನಾನ ಮಾಡು ಅಂತ ನಾಲ್ಕು ಸಲ ಹೇಳಬೇಕು. ಮನೆಗೆ ನೆಂಟರು ಬಂದರೆ ಒಳಗಿಂದ ಚಿಲಕ.

ಆಪ್ತಸಲಹೆಗೆ ನನ್ನ ಹತ್ತಿರ ಮೊದಲು ಬಂದದ್ದು ತಂದೆ-ತಾಯಿ ಮಾತ್ರ. ತಂದೆಗೆ ಸ್ವಲ್ಪ ಜಮೀನು, ಜೊತೆಗೊಂದು ಕಿರಾಣಿ ಅಂಗಡಿ. ಸಾಲ ಮಾಡಿ ಓದಿಸಿದ್ದರು. "ಸೋಂಬೇರಿ ಆಗಿದಾನೆ ಮೇಡಂ, ಮೊಬೈಲ್ ಕಿತ್ಕೊಂಡ್ರೆ ಎಲ್ಲ ಸರಿಹೋಗತ್ತೆ" ಅಂದರು. ತಾಯಿ ತಕ್ಷಣ ಅಡ್ಡ ಬಂದರು: "ಏನೂ ಅನ್ಬೇಡಿ ಅವನಿಗೆ. ಏನಾದ್ರೂ ಮಾಡ್ಕೊಂಡ್ರೆ?" ಮನೆಯಲ್ಲಿ ಇದೇ ನಡೆಯುತ್ತಿತ್ತು. ತಂದೆ ವಾರಗಟ್ಟಲೆ ಸುಮ್ಮನಿದ್ದು ಒಂದು ದಿನ ಕೂಗಾಡುವುದು, ತಾಯಿ ಅದನ್ನು ಸರಿಮಾಡಲು ಮತ್ತಷ್ಟು ಉಪಚಾರ ಮಾಡುವುದು. ಇಬ್ಬರ ಪ್ರೀತಿಯಲ್ಲೂ ಕೊರತೆ ಇರಲಿಲ್ಲ.

"ಮಗ ಬರೋದೇ ಇಲ್ಲ, ನಾವು ಬಂದು ಏನು ಪ್ರಯೋಜನ?" ಅಂತ ತಂದೆ ಕೇಳಿದರು. ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ಪ್ರಯೋಜನ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಸ್ ಎಂಬ ಮನೋವಿಜ್ಞಾನಿ ಸ್ಪೇಸ್ ಎಂಬ ಪದ್ಧತಿ ರೂಪಿಸಿದ್ದಾರೆ. ಅದರಲ್ಲಿ ಸಲಹೆಗಾರರು ಕೆಲಸ ಮಾಡುವುದು ತಂದೆ-ತಾಯಿಯ ಜೊತೆ. ಭಯ, ಆತಂಕ ಇರುವ ಮಕ್ಕಳಿಗಾಗಿ ಶುರುವಾದ ಅದನ್ನು ಮನೆ ಬಿಟ್ಟು ಕದಲದ ದೊಡ್ಡ ಮಕ್ಕಳಿಗೂ ಹೊಂದಿಸಿದ್ದಾರೆ. ಮಗನನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ, ನಾವು ನಡೆದುಕೊಳ್ಳುವ ರೀತಿ ಮಾತ್ರ ನಮ್ಮ ಕೈಯಲ್ಲಿದೆ ಎಂಬುದೇ ಅದರ ಬುಡ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇತ್ತು. ಇದು ಖಾಯಿಲೆಯಾ ಅಂತ ನೋಡಬೇಕಿತ್ತು. ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟೂ ಬೇಡವಾಗಿದೆ, ತೂಕ ಇಳಿದಿದೆ, ಮೈ ತೊಳೆಯಲೂ ಮನಸ್ಸಿಲ್ಲ ಅಂದಾಗ ಅದನ್ನು ಸೋಂಬೇರಿತನ ಅನ್ನುವುದು ತಪ್ಪು. ಸೋಂಬೇರಿಗೆ ಮೋಜು ಬೇಕಿರುತ್ತದೆ. ಇವನಿಗೆ ಮೋಜೂ ಬೇಡವಾಗಿತ್ತು. "ನಿನ್ನ ನಿದ್ದೆ ಕೆಟ್ಟಿದೆ, ಒಂದ್ಸಲ ತೋರಿಸೋಣ" ಅಂತ ಹೇಳಿ ಕರೆಯಿರಿ ಅಂದೆ. ಅದು ಸುಳ್ಳಲ್ಲ, ನಿದ್ದೆ ನಿಜಕ್ಕೂ ಕೆಟ್ಟಿತ್ತು. ಸ್ವಲ್ಪ ದಿನ ತಪ್ಪಿಸಿಕೊಂಡು ಕೊನೆಗೆ ಬಂದ.

ಅವನು ಬಂದ ದಿನ ನಾನು ಗಮನಿಸಿದ್ದು ಒಂದು. "ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯಪ್ಪ?" ಅಂತ ಅವನನ್ನು ಕೇಳಿದೆ. ಉತ್ತರ ಕೊಟ್ಟದ್ದು ತಾಯಿ. "ಊಟ ಸೇರತ್ತಾ?" ಅದಕ್ಕೂ ತಾಯಿ. "ಯಾವ ಸಬ್ಜೆಕ್ಟ್ ಉಳಿದಿದೆ?" ಅಂದಾಗ ತಂದೆ ಜೇಬಿನಿಂದ ಚೀಟಿ ತೆಗೆದರು. ಹುಡುಗ ಬಾಯಿ ತೆರೆಯುವಷ್ಟರಲ್ಲಿ ಯಾರೋ ಹೇಳಿ ಮುಗಿಸಿರುತ್ತಿದ್ದರು. ಅವನು ಚಪ್ಪಲಿಯ ಪಟ್ಟಿ ನೋಡುತ್ತ ಕೂತಿದ್ದ.

ಇಬ್ಬರನ್ನೂ ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಾಡಿದೆ. ಸಾಯಬೇಕು ಅಂತ ಅನ್ನಿಸುತ್ತಾ ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಎಷ್ಟೋ ಮಂದಿಗೆ ಅದರಿಂದ ಮನಸ್ಸು ಹಗುರವಾಗುತ್ತದೆ. "ಸಾಯ್ಬೇಕು ಅಂತಲ್ಲ. ಬೆಳಗ್ಗೆ ಎಚ್ಚರ ಆಗ್ದೇ ಇದ್ರೆ ಸಾಕು ಅನ್ಸತ್ತೆ" ಅಂದ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಅವನಿಗೆ ಹೇಳಿಯೇ ತಂದೆ-ತಾಯಿಗೂ ತಿಳಿಸಿದೆ, ಮನೆಯಲ್ಲಿದ್ದ ಕೀಟನಾಶಕವನ್ನು ಬೇರೆ ಕಡೆ ಬೀಗದಲ್ಲಿಡಿಸಿದೆ, ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಖಿನ್ನತೆ ಇದೆ ಅಂದರು, ಮಾತ್ರೆ ಶುರುವಾಯಿತು. ಈ ಮಾತ್ರೆಗಳು ನಾಟಲು ಎರಡರಿಂದ ನಾಲ್ಕು ವಾರ ಬೇಕು, ಮೂರು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬಾರದು ಎಂಬುದನ್ನು ಮೂವರಿಗೂ ಕೂರಿಸಿ ಹೇಳಿದೆ.

ನಿದ್ದೆ ಸ್ವಲ್ಪ ಹದಕ್ಕೆ ಬಂದ ಮೇಲೆ ಮುಂದಿನ ಕೆಲಸ. ತಾಯಿಗೆ ಒಂದು ಹಾಳೆ ಕೊಟ್ಟು, ಮಗನಿಗಾಗಿ ದಿನಾ ಏನೇನು ಮಾಡ್ತೀರಿ ಬರೀರಿ ಅಂದೆ. ಹಾಳೆ ತುಂಬಿ ಹಿಂದಕ್ಕೂ ಹೋಯಿತು. ನೀರು ಕಾಯಿಸಿ ಬಕೆಟ್‌ಗೆ ಬಿಡುವುದು, ಟವೆಲ್ ಕೊಡುವುದು, ರೂಮಿಗೆ ತಟ್ಟೆ ಒಯ್ಯುವುದು, ಆಮೇಲೆ ಅದನ್ನು ತರುವುದು, ಕಾಲೇಜಿನಿಂದ ಫೋನ್ ಬಂದರೆ ತಾವೇ ಮಾತಾಡುವುದು. ರೀಚಾರ್ಜ್ ತಂದೆಯದು. ಕಟಿಂಗ್ ಶಾಪಿಗೂ ತಂದೆಯೇ ಬೈಕಿನಲ್ಲಿ ಕರೆದೊಯ್ಯುತ್ತಿದ್ದರು. ಅವನ ಪಾಸ್‌ಬುಕ್ಕು, ಎಟಿಎಂ ಕಾರ್ಡು ತಂದೆಯ ಬೀರುವಿನಲ್ಲಿ. ಅವನಿಗೊಬ್ಬಳು ತಂಗಿ ಇದ್ದಾಳೆ, ಡಿಗ್ರಿ ಓದುತ್ತಾಳೆ. ಅವಳು ಅಡುಗೆ ಮಾಡುತ್ತಾಳೆ, ಅಂಗಡಿ ಲೆಕ್ಕ ನೋಡುತ್ತಾಳೆ, ಬ್ಯಾಂಕಿಗೂ ಹೋಗಿ ಬರುತ್ತಾಳೆ. "ಹೋದ ಮನೇಲಿ ಬೇಕಾಗತ್ತೆ" ಅಂತ ಅವಳಿಗೆ ಎಲ್ಲವನ್ನೂ ಕಲಿಸಿದ್ದರು. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ಹೀಗೆ ಯಾರೂ ಹೇಳುವುದಿಲ್ಲ. ಮಾರ್ಕ್ಸ್ ಒಂದು ತಂದರೆ ಸಾಕು. ಆ ಮಾರ್ಕ್ಸೇ ಕೈಕೊಟ್ಟಾಗ ಹಿಡಿದು ನಿಲ್ಲಲು ಅವನ ಹತ್ತಿರ ಬೇರೆ ಏನೂ ಇರುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ.

ಪಟ್ಟಿ ನೋಡಿ ತಂದೆ "ನಾಳೆಯಿಂದ ಎಲ್ಲಾ ಬಂದ್" ಅಂದರು. ಬೇಡ ಅಂದೆ. ಸಿಟ್ಟಿನಲ್ಲಿ ಒಂದೇ ಸಲ ಎಲ್ಲ ನಿಲ್ಲಿಸಿದರೆ ಅದು ಶಿಕ್ಷೆ ಅನ್ನಿಸುತ್ತದೆ. ಖಿನ್ನತೆಯಲ್ಲಿರುವವನಿಗೆ ಅಪಾಯ ಕೂಡ. ಒಂದು ಸಲಕ್ಕೆ ಒಂದೇ ಕೆಲಸ ಬಿಡಬೇಕು. ಬಿಡುವ ಮೊದಲು ಹೇಳಬೇಕು. ಹೇಳಿದ ಮೇಲೆ ಹಿಂದೆ ಸರಿಯಬಾರದು.

ಹೇಳುವ ಮಾತನ್ನು ತಂದೆ, ತಾಯಿ, ನಾನು ಮೂವರೂ ಕೂತು ಬರೆದೆವು. "ನಿನಗೆ ಇದು ಕಷ್ಟ ಆಗ್ತಿದೆ, ಗೊತ್ತು. ನಿನ್ನ ಕೈಲಿ ಆಗತ್ತೆ ಅಂತಲೂ ಗೊತ್ತು. ಸೋಮವಾರದಿಂದ ಊಟ ನಡುಮನೇಲಿ ಇರತ್ತೆ. ರೂಮಿಗೆ ತರಲ್ಲ. ನೀನು ಯಾವಾಗ ಬಂದ್ರೂ ಊಟ ಇರತ್ತೆ." ಇದರಲ್ಲಿ ಮೊದಲ ಎರಡು ವಾಕ್ಯ ಜೊತೆಗೇ ಇರಬೇಕು. ಕಷ್ಟ ಗೊತ್ತು ಅಂತ ಮಾತ್ರ ಹೇಳಿದರೆ ಕನಿಕರವಾಗುತ್ತದೆ, ಆಗತ್ತೆ ಅಂತ ಮಾತ್ರ ಹೇಳಿದರೆ ಒತ್ತಾಯವಾಗುತ್ತದೆ.

ಸೋಮವಾರ ಅವನು ಬರಲಿಲ್ಲ. ತಾಯಿ ಎರಡು ಸಲ ತಟ್ಟೆ ಕೈಗೆ ತಗೊಂಡು ವಾಪಸ್ ಇಟ್ಟರಂತೆ. ರಾತ್ರಿ ಹನ್ನೊಂದಕ್ಕೆ ಅವನೇ ಬಂದು, ಲೈಟ್ ಹಾಕದೆ, ತಣ್ಣಗಿನ ಮುದ್ದೆ ಸಾರು ತಿಂದು ಹೋದ. "ಮರುದಿನ ಏನಂದ್ರಿ?" ಅಂತ ಕೇಳಿದೆ. "ಏನೂ ಅನ್ಲಿಲ್ಲ" ಅಂದರು. ಅದೇ ಸರಿ. ಹೊಗಳಿ ಹಬ್ಬ ಮಾಡಿದ್ದರೂ ಅವನು ಮುದುಡಿಕೊಳ್ಳುತ್ತಿದ್ದ.

ಆಮೇಲೆ ಒಂದೊಂದಾಗಿ ಬಿಟ್ಟುಕೊಟ್ಟರು. ಅವನ ಬಟ್ಟೆ ಅವನೇ ಒಗೆಯುವುದು. ಮನೆಯ ಕರೆಂಟ್ ಬಿಲ್ ಅವನ ಜವಾಬ್ದಾರಿ. ಪಾಸ್‌ಬುಕ್ಕು, ಕಾರ್ಡು ಅವನ ಕೈಗೆ. ಬ್ಯಾಂಕಿನಲ್ಲಿ ಕೆವೈಸಿ ಬಾಕಿ ಇತ್ತು, ತಂದೆ ಜೊತೆಗೆ ಹೋದರೂ ಬಾಗಿಲ ಹೊರಗೇ ನಿಂತರು. ಕೌಂಟರಿನಲ್ಲಿ ಏನು ಹೇಳಬೇಕು ಅಂತ ಹಿಂದಿನ ದಿನ ನನ್ನ ಜೊತೆ ಫೋನಿನಲ್ಲಿ ಅಭ್ಯಾಸ ಮಾಡಿದ್ದ.

ನಡುವೆ ಕೆಟ್ಟದ್ದೊಂದು ಆಯಿತು. ತಂದೆ ಅವನನ್ನು ಅಂಗಡಿಯಲ್ಲಿ ಕೂರಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಊರಿನವರೆಲ್ಲ ಬರುವ ಜಾಗ ಅದು. "ಎಂಜಿನಿಯರ್ ಸಾಹೇಬ್ರು ಇಲ್ಲೇನ್ ಮಾಡ್ತಿದೀರಾ?" ಅಂತ ಯಾರೋ ಕೇಳಿದರು. ಹುಡುಗ ಎದ್ದು ಹೋಗಿ ಮತ್ತೆ ಚಿಲಕ ಹಾಕಿಕೊಂಡ. ಇಂಥ ಮಕ್ಕಳು ಹೆದರುವುದು ಕೆಲಸಕ್ಕಲ್ಲ, "ಏನ್ ಮಾಡ್ತಿದೀಯಪ್ಪ ಈಗ?" ಎಂಬ ಪ್ರಶ್ನೆಗೆ. ಮದುವೆ ಮನೆ, ಜಾತ್ರೆ, ಬಸ್ ಸ್ಟಾಂಡ್, ಎಲ್ಲ ಕಡೆ ಅದೇ ಪ್ರಶ್ನೆ ಕಾಯುತ್ತಿರುತ್ತದೆ. ಅದಕ್ಕೆ ಒಂದು ಉತ್ತರ ಸಿದ್ಧ ಮಾಡಿದೆವು. "ಎರಡು ಸಬ್ಜೆಕ್ಟ್ ಉಳಿದಿದೆ, ಬರೀತಿದೀನಿ. ನೀವು ಹೇಗಿದೀರಾ?" ನಿಜ ಹೇಳುವುದು, ಚುಟುಕಾಗಿ ಹೇಳುವುದು, ಮಾತನ್ನು ಅವರ ಕಡೆ ತಿರುಗಿಸುವುದು. ನೆಂಟರ ಮುಂದೆ ತಂದೆ-ತಾಯಿಯೂ ಇದನ್ನೇ ಹೇಳಬೇಕು, "ಬೆಂಗಳೂರಲ್ಲಿ ಕೆಲಸದಲ್ಲಿದಾನೆ" ಅಂತ ಬಣ್ಣ ಹಚ್ಚಬಾರದು ಅಂದೆ. ಆ ಸುಳ್ಳು ಮಗನ ಕಿವಿಗೆ ಬಿದ್ದಾಗ, ನಾನಿರುವ ಹಾಗೆ ಇವರಿಗೂ ಬೇಡ ಅಂತಲೇ ಕೇಳಿಸುತ್ತದೆ.

ಬ್ಯಾಕ್‌ಲಾಗ್ ಬಗ್ಗೆ ಅವಸರ ಮಾಡಲಿಲ್ಲ. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಾಲ್ಕು ವರ್ಷದ ಕೋರ್ಸ್ ಮುಗಿಸಲು ಎಂಟು ವರ್ಷದವರೆಗೆ ಅವಕಾಶ ಇದೆ ಅಂತ ಅವನಿಗೇ ಗೊತ್ತಿರಲಿಲ್ಲ, ಎಲ್ಲ ಮುಗಿದೇಹೋಯಿತು ಅಂದುಕೊಂಡಿದ್ದ. ಉಳಿದ ವಿಷಯ, ಫೀಸು, ಕೊನೆಯ ದಿನ, ಇದನ್ನೆಲ್ಲ ಕಾಲೇಜಿಗೆ ಅವನೇ ಫೋನ್ ಮಾಡಿ ಕೇಳಿದ. ಜೊತೆಗೆ ಕೈಗೊಂದು ಕೆಲಸ ಬೇಕು ಅಂತ ಅವನಿಗೇ ಅನ್ನಿಸಿತು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಬಗ್ಗೆ ಹೇಳಿದೆ. ಅದೇ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಈಗ ಜಿಲ್ಲೆ ಜಿಲ್ಲೆಯಲ್ಲಿ ಬ್ಯಾಂಕುಗಳು ನಡೆಸುತ್ತವೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಅವನು ಮೋಟಾರ್ ರಿವೈಂಡಿಂಗ್ ಆರಿಸಿದ. ನನಗೆ ತರಬೇತಿಗಿಂತ ಆ ವಸತಿಯ ಮೇಲೆ ಆಸೆ ಜಾಸ್ತಿ ಇತ್ತು. ಬೆಳಗ್ಗೆ ಎಲ್ಲರ ಜೊತೆ ಏಳಬೇಕು, ತನ್ನ ತಟ್ಟೆ ತಾನು ತೊಳೆಯಬೇಕು, ಅಲ್ಲಿ ಯಾರಿಗೂ ಅವನ ಹಳೇ ಕಥೆ ಗೊತ್ತಿಲ್ಲ.

ಇದೇ ಸ್ಥಿತಿಯಲ್ಲಿರುವ ಮನೆಯವರಿಗೆ ಎರಡು ಮಾತು. ಮೊಬೈಲ್ ಕಿತ್ತುಕೊಳ್ಳುವುದರಿಂದ ಶುರು ಮಾಡಬೇಡಿ. ಎಷ್ಟೋ ಸಲ ಹೊರಗಿನ ಜಗತ್ತಿಗೆ ಉಳಿದಿರುವ ಒಂದೇ ಕಿಟಕಿ ಅದು. ರಾತ್ರಿ ಇಷ್ಟು ಹೊತ್ತಿಗೆ ವೈಫೈ ಆಫ್ ಅಂತ ಮನೆಗೆಲ್ಲ ಒಂದೇ ನಿಯಮ ಮಾಡಿದರೆ ಸಾಕು. ಇನ್ನೊಂದು, ಮಗನೋ ಮಗಳೋ ಸಾಯುವ ಮಾತಾಡಿದರೆ "ಹೆದರಿಸ್ತಿದಾರೆ" ಅಂತ ತಳ್ಳಿಹಾಕಬೇಡಿ, ಹೆದರಿ ಎಲ್ಲಕ್ಕೂ ತಲೆ ಆಡಿಸಲೂ ಬೇಡಿ. ಒಬ್ಬರನ್ನೇ ಬಿಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಖರ್ಚಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಿವೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ.

ಹುಡುಗ ಈಗ ಪಕ್ಕದ ಊರಿನ ರಿವೈಂಡಿಂಗ್ ಅಂಗಡಿಗೆ ಹೋಗುತ್ತಾನೆ. ಬರುವ ದುಡ್ಡಿನಲ್ಲಿ ತಿಂಗಳಿಗೆ 2,000 ರೂಪಾಯಿ ತಾಯಿಯ ಕೈಗೆ ಕೊಡುತ್ತಾನೆ. ಒಂದು ಸಬ್ಜೆಕ್ಟ್ ಪಾಸಾಗಿದೆ, ಇನ್ನೊಂದು ಬಾಕಿ. ಇರುವುದು ಅಪ್ಪನ ಮನೆಯಲ್ಲೇ. ಬೇರೆ ರೂಮು ಮಾಡಲೇಬೇಕು ಅಂತ ನಾವ್ಯಾರೂ ಅಂದುಕೊಂಡಿಲ್ಲ. ಮಾತ್ರೆ ಇನ್ನೂ ನಡೆಯುತ್ತಿದೆ. ಎಷ್ಟು ದಿನ ತಗೋಬೇಕು, ಹೇಗೆ ಕಮ್ಮಿ ಮಾಡಬೇಕು ಅಂತ ಮುಂದಿನ ಸಲ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಕೇಳುತ್ತೇನೆ ಅಂದಿದ್ದಾನೆ. ಕೇಳಬೇಕಾದ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡಿದ್ದಾನೆ.