ಬ್ಯಾಂಟಮ್ ಕೋಳಿ: ರಿಂಗ್, ಬಿಸಿಲು ಮತ್ತು ಬಿಳಿ ಗರಿ

ಪ್ರಶ್ನೆ: ನನ್ನ ಹತ್ತಿರ ಜಪಾನೀಸ್ ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ ತಳಿ) ಒಂದು ಹುಂಜ, ಎರಡು ಹೇಂಟೆ ಇವೆ. ಮೂರೂ ಗಿಡ್ಡಗಾಲಿನವು. ಇನ್‌ಕ್ಯುಬೇಟರ್‌ಗೆ 12 ಮೊಟ್ಟೆ ಇಟ್ಟರೆ, ಏಳನೇ ದಿನ ಟಾರ್ಚ್ ಹಿಡಿದಾಗ ಮೂರರಲ್ಲಿ ಕೆಂಪು ಉಂಗುರ ಕಾಣುತ್ತದೆ, ಜೀವ ಇರುವುದಿಲ್ಲ. ಹುಟ್ಟಿದ ಮರಿಗಳಲ್ಲೂ ಒಂದೆರಡಕ್ಕೆ ಕಾಲು ಉದ್ದ. ಯಂತ್ರ ಕೆಟ್ಟಿದೆಯೇ? ಮಾರಿದವರು ಮಿಶ್ರತಳಿ ಕೊಟ್ಟರೇ? (ಸಿಂಧನೂರು)

ಉತ್ತರ: ಎರಡೂ ಅಲ್ಲ. ಈ ತಳಿಯ ಗಿಡ್ಡಗಾಲಿಗೆ ಒಂದು ಜೀನ್ ಕಾರಣ. ಅದು ತಂದೆ-ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ಗಿಡ್ಡಗಾಲಿನ ಮರಿ, ಇಬ್ಬರಿಂದಲೂ ಬಂದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಹೆಚ್ಚಿನವು ಮೊದಲ ನಾಲ್ಕೈದು ದಿನದಲ್ಲೇ ಹೋಗುತ್ತವೆ, ನೀವು ನೋಡುತ್ತಿರುವ ಕೆಂಪು ಉಂಗುರ ಅದೇ. ಗಿಡ್ಡ-ಗಿಡ್ಡ ಜೋಡಿ ಮಾಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಸಾಯುತ್ತದೆ, ಎರಡು ಗಿಡ್ಡ, ಒಂದು ಉದ್ದ. ನಿಮ್ಮ 12ಕ್ಕೆ 3 ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಆದ್ದರಿಂದ ಉದ್ದಗಾಲಿನ ಹೇಂಟೆ ಮರಿಗಳನ್ನು ದಯವಿಟ್ಟು ಕೊಟ್ಟುಬಿಡಬೇಡಿ. ಪ್ರದರ್ಶನಕ್ಕೆ ಅವು ನಡೆಯುವುದಿಲ್ಲ, ಆದರೆ ಮರಿ ಮಾಡಿಸಲು ಬಂಗಾರದಂಥವು. ಉದ್ದಗಾಲಿನ ಹೇಂಟೆಗೆ ಗಿಡ್ಡಗಾಲಿನ ಹುಂಜ ಬಿಟ್ಟರೆ ಈ ಜೀನ್‌ನಿಂದ ಒಂದು ಮೊಟ್ಟೆಯೂ ಸಾಯುವುದಿಲ್ಲ, ಅರ್ಧ ಮರಿ ಗಿಡ್ಡ, ಅರ್ಧ ಉದ್ದ. ಬಾಲ ಚೆನ್ನಾಗಿ ನೆಟ್ಟಗೆ ನಿಂತಿರುವ ಉದ್ದಗಾಲಿನ ಹೇಂಟೆಯನ್ನೇ ಆರಿಸಿಕೊಳ್ಳಿ.

ಮರಿಗಳು 18ನೇ ದಿನ ದಾಟಿ ಚಿಪ್ಪಿನೊಳಗೇ ಸತ್ತರೆ ಮಾತ್ರ ಯಂತ್ರದ ಕಡೆ ನೋಡಿ. ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣಾಂಶ 37.5 ಡಿಗ್ರಿ, ತೇವಾಂಶ ಮೊದಲು ಶೇ 45-50, ಕೊನೆಯ ಮೂರು ದಿನ ಶೇ 65-70 ಬೇಕು. ಬ್ಯಾಂಟಮ್ ಮರಿಗಳು ಎಷ್ಟೋ ಸಲ 21 ದಿನ ಕಾಯದೆ 19-20ಕ್ಕೇ ಹೊರಬರುತ್ತವೆ. ಹಾಗಾಗಿ ಮೊಟ್ಟೆ ಹೊರಳಿಸುವುದನ್ನು 17ನೇ ದಿನವೇ ನಿಲ್ಲಿಸಿ.

ಪ್ರಶ್ನೆ: ಮರಿಗಳಿಗೆ ಮುಚ್ಚಿದ ರಿಂಗ್ (ಬಿಚ್ಚಲು ಬಾರದ, ನಂಬರ್ ಇರುವ ಕಾಲಿನ ಉಂಗುರ) ಹಾಕುವುದು ಯಾವ ವಯಸ್ಸಿನಲ್ಲಿ, ಯಾವ ಅಳತೆಯದು? ಇನ್ನೊಂದು, ಒಂದು ವರ್ಷದ ಹುಂಜಕ್ಕೆ ಹಾಕಿದ್ದ ಪ್ಲಾಸ್ಟಿಕ್ ಸುರುಳಿ ರಿಂಗ್ ಮಾಂಸದೊಳಗೆ ಇಳಿದಿದೆ. ಏನು ಮಾಡಲಿ? (ಗಂಗಾವತಿ)

ಉತ್ತರ: ಮೊದಲು ಹುಂಜದ ಕಾಲು, ಇದು ಇವತ್ತೇ ಆಗಬೇಕಾದ ಕೆಲಸ. ಇಬ್ಬರು ಇರಿ. ಒಬ್ಬರು ಹುಂಜವನ್ನು ಟವೆಲ್‌ನಲ್ಲಿ ಸುತ್ತಿ ಹಿಡಿಯಲಿ. ಕಾಲನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಡಿ, ಕಟ್ಟಿದ ಹಕ್ಕಳೆ ಮೆತ್ತಗಾಗುತ್ತದೆ. ಸುರುಳಿಯ ತುದಿ ಕಂಡರೆ ಅಲ್ಲಿಂದ ಬಿಚ್ಚುತ್ತಾ ಬನ್ನಿ. ಕಾಣದಿದ್ದರೆ ರಿಂಗ್ ಮತ್ತು ಚರ್ಮದ ನಡುವೆ ತೆಳು ಚಮಚದ ಹಿಡಿ ತೂರಿಸಿ, ಅದರ ಮೇಲೆ ಸಣ್ಣ ಕಟರ್‌ನಿಂದ ಕತ್ತರಿಸಿ. ಎಳೆದು ತೆಗೆಯಬೇಡಿ. ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಸಮ ಟೀಚಮಚ ಉಪ್ಪು ಹಾಕಿ ಗಾಯ ತೊಳೆದು, ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ. ಗಾಯ ಮಾಯುವವರೆಗೆ ಹೊಟ್ಟಿನ ಮೇಲೆ ಬಿಡದೆ ಒಗೆದ ಬಟ್ಟೆಯ ಮೇಲೆ ಇಡಿ, ನೊಣ ಕೂರಲು ಬಿಡಬೇಡಿ. ಎಲುಬು ಕಾಣುತ್ತಿದ್ದರೆ, ವಾಸನೆ ಬಂದರೆ ಅಥವಾ ಬೆರಳು ತಣ್ಣಗಾಗಿ ಕಪ್ಪಿಟ್ಟಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಆ ಕಾಲಿಗೆ ಮತ್ತೆ ರಿಂಗ್ ಬೇಡ.

ಹೀಗಾಗುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಎಳೆಯದಿದ್ದಾಗ ಹಾಕಿದ ಅಳತೆಯನ್ನು ಬದಲಿಸದೇ ಇರುವುದು ಒಂದು. ಇನ್ನೊಂದು ಕಾಲಿನ ನುಸಿ: ಕಣ್ಣಿಗೆ ಕಾಣದ ಹುಳು ಪೊರೆಯ ಕೆಳಗೆ ಸೇರಿ, ಪೊರೆ ಎದ್ದು ಸುಣ್ಣ ಮೆತ್ತಿದಂತೆ ಕಾಲು ದಪ್ಪಗಾಗುತ್ತದೆ, ಸರಿಯಿದ್ದ ರಿಂಗೂ ಬಿಗಿಯುತ್ತದೆ. ಕಾಲನ್ನು ಸಾಬೂನು ನೀರಿನಲ್ಲಿ ನೆನೆಸಿ, ಹಳೆಯ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ವ್ಯಾಸಲಿನ್ ದಪ್ಪಗೆ ಹಚ್ಚಿದರೆ ನುಸಿಗೆ ಉಸಿರು ಕಟ್ಟುತ್ತದೆ. ವಾರಕ್ಕೆ ಎರಡು ಸಲದಂತೆ ತಿಂಗಳು ಬಿಡದೆ ಮಾಡಿ, ಗೂಡಿನ ಎಲ್ಲ ಕೋಳಿಗೂ ಮಾಡಿ.

ಇನ್ನು ಮುಚ್ಚಿದ ರಿಂಗ್. ಅಳತೆ ಎಂದರೆ ಒಳವ್ಯಾಸ. ಬರಿಗಾಲಿನ ಹೆಚ್ಚಿನ ಬ್ಯಾಂಟಮ್‌ಗಳಿಗೆ 9ರಿಂದ 13 ಮಿ.ಮೀ. ಒಳಗೆ ಬರುತ್ತದೆ, ಕಾಲಿಗೆ ಗರಿ ಇರುವ ತಳಿಗೆ ಇನ್ನೂ ದೊಡ್ಡದು ಬೇಕು, ಹುಂಜಕ್ಕೆ ಹೇಂಟೆಗಿಂತ ಒಂದು ಅಳತೆ ಹೆಚ್ಚು. ಊಹೆಯ ಮೇಲೆ ತರಿಸಬೇಡಿ. ಅದೇ ತಳಿಯ ಬೆಳೆದ ಕೋಳಿಯ ಕಾಲನ್ನು ಅಗಲವಾದ ಕಡೆಯಿಂದ ವರ್ನಿಯರ್‌ನಲ್ಲಿ ಅಳೆದು, 1-2 ಮಿ.ಮೀ. ಸೇರಿಸಿ.

ವಯಸ್ಸಿಗೆ ಒಂದೇ ತಾರೀಖು ಇಲ್ಲ. ಐದನೇ ವಾರದಿಂದ ಮೂರು ದಿನಕ್ಕೊಮ್ಮೆ ಹಾಕಿ ನೋಡಿ. ಮುಂದಿನ ಮೂರು ಬೆರಳನ್ನು ಒಟ್ಟುಗೂಡಿಸಿ ಅವುಗಳ ಮೇಲಿಂದ ರಿಂಗ್ ತೂರಿಸಿ, ಹಿಂಬೆರಳನ್ನು ಕಾಲಿಗೆ ಒತ್ತಿ ಹಿಡಿದು ಅದರ ಮೇಲೂ ಸರಿಸಿ, ಆಮೇಲೆ ಹಿಂಬೆರಳನ್ನು ರಿಂಗಿನ ಕೆಳಗಿನಿಂದ ಹೊರಕ್ಕೆ ಬಿಡಿಸಿ. ಪಾದದ ಗುಬ್ಬಿಯ ಹತ್ತಿರ ಸ್ವಲ್ಪ ತಡೆದು ದಾಟಿತು, ಕಾಲು ಕೊಡವಿದರೂ ಬೀಳಲಿಲ್ಲ ಎಂದರೆ ಅದೇ ಸರಿಯಾದ ದಿನ. ನಾಲ್ಕು ದಿನ ತಡವಾದರೂ ಕೆಲವು ಹುಂಜಮರಿಗಳ ಪಾದ ದಾಟುವುದಿಲ್ಲ. ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಪ್ರಯತ್ನಿಸಿ, ಬಲವಂತ ಬೇಡ. ಹುಂಜಕ್ಕೆ ರಿಂಗ್ ಯಾವಾಗಲೂ ಮುಳ್ಳಿನ (ಕಾಲಿನ ಹಿಂಬದಿ ಬೆಳೆಯುವ ಕೊಂಬಿನಂಥ ಮೊನೆ) ಕೆಳಗೇ ಇರಬೇಕು. ಮೇಲೆ ಸಿಕ್ಕಿಕೊಂಡರೆ ಮುಳ್ಳು ಬೆಳೆದಂತೆ ರಿಂಗ್ ಕೆಳಗೆ ಇಳಿಯದೆ ಒತ್ತುತ್ತದೆ.

ಅಲ್ಲಿಯವರೆಗೆ ಮರಿಗಳಿಗೆ ಜೋಡಿಗೊಂದು ಬಣ್ಣದ ಸಣ್ಣ ಸುರುಳಿ ರಿಂಗ್ ಹಾಕಿ, ಹತ್ತು ದಿನಕ್ಕೊಮ್ಮೆ ಬದಲಿಸಿ. ಕಾಲಿಗೂ ರಿಂಗಿಗೂ ನಡುವೆ ಬೆಂಕಿಕಡ್ಡಿ ಹೋಗಬೇಕು. ದಾರ, ರಬ್ಬರ್ ಬ್ಯಾಂಡ್ ಮಾತ್ರ ಯಾವ ಕಾರಣಕ್ಕೂ ಕಟ್ಟಬೇಡಿ. ಒಂದು ನೋಟ್‌ಬುಕ್‌ನಲ್ಲಿ ರಿಂಗ್ ನಂಬರ್, ಹುಟ್ಟಿದ ದಿನ, ತಂದೆ-ತಾಯಿಯ ನಂಬರ್, ಆರು ತಿಂಗಳ ತೂಕ, ಕಂಡ ದೋಷ ಇಷ್ಟನ್ನು ಬರೆಯಿರಿ. ನಂಬರ್ ಇದ್ದೂ ಪುಸ್ತಕ ಇಲ್ಲದಿದ್ದರೆ, ಸೊಟ್ಟಬಾಲ ಯಾವ ಹುಂಜದಿಂದ ಬರುತ್ತಿದೆ ಎಂದು ಮೂರು ವರ್ಷವಾದರೂ ಗೊತ್ತಾಗುವುದಿಲ್ಲ.

ಪ್ರಶ್ನೆ: ರಾಯಚೂರಿನ ಬೇಸಿಗೆಯಲ್ಲಿ ಮೊಟ್ಟೆ ಇಟ್ಟರೂ ಮರಿ ಆಗುತ್ತಿಲ್ಲ, ಕೋಳಿಗಳು ಬಾಯಿ ತೆರೆದು ನಿಲ್ಲುತ್ತವೆ.

ಉತ್ತರ: ಏಪ್ರಿಲ್-ಮೇ ತಿಂಗಳಲ್ಲಿ ಮರಿ ಮಾಡಿಸುವ ಆಸೆ ಬಿಡಿ. 40 ಡಿಗ್ರಿ ದಾಟಿದಾಗ ಹುಂಜದ ಬೀಜಶಕ್ತಿ ಇಳಿಯುತ್ತದೆ, ಹೇಂಟೆಯ ಮೊಟ್ಟೆಚಿಪ್ಪು ತೆಳ್ಳಗಾಗುತ್ತದೆ. ಬುಟ್ಟಿಯಲ್ಲಿ ಬಿಟ್ಟ ಮೊಟ್ಟೆಯೊಳಗೆ ಕಾವಿಗೆ ಮೊದಲೇ ಅರೆಬರೆ ಬೆಳವಣಿಗೆ ಶುರುವಾಗಿ ನಿಲ್ಲುತ್ತದೆ. ಜುಲೈ-ಆಗಸ್ಟ್‌ನಲ್ಲಿ ಕಾವಿಗೆ ಇಟ್ಟರೆ ಜನವರಿ-ಫೆಬ್ರುವರಿ ಹೊತ್ತಿಗೆ ಪ್ರಾಯಕ್ಕೆ ಬಂದು, ಚಳಿಗಾಲದಲ್ಲಿ ಗರಿ ತುಂಬಿಕೊಂಡು ಪ್ರದರ್ಶನಕ್ಕೂ ಸಿದ್ಧವಾಗುತ್ತವೆ. ಮೊಟ್ಟೆಯನ್ನು ದಿನಕ್ಕೆ ಎರಡು ಸಲ ಎತ್ತಿ, ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಗಡಿಗೆಯಲ್ಲಿ ಇಡಿ, ಏಳು ದಿನ ಮೀರಬೇಡಿ.

ತಗಡಿನ ಮೇಲೆ ಸುಣ್ಣ ಬಳಿದು ಒಂದು ಗೇಣು ಭತ್ತದ ಹುಲ್ಲು ಹೊದಿಸಿ. ಪಡುವಣ ಬದಿಗೆ ಒದ್ದೆ ಗೋಣಿ ಕಟ್ಟಿ, ಆದರೆ ಮೇಲೆ ಒಂದಡಿ ಗಾಳಿಗೆ ಬಿಡಿ; ಪೂರ್ತಿ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಇನ್ನೂ ಕೆಡುತ್ತದೆ. ನೀರು ಮಣ್ಣಿನ ಪಾತ್ರೆಯಲ್ಲಿ, ಮೂರು ಸಲ ಬದಲಿಸಿ. ಮೇವು ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ಐದರ ಮೇಲೆ. ಕುಸಿದು ಬಿದ್ದ ಕೋಳಿಯ ಕಾಲನ್ನು ತೊಡೆಯವರೆಗೆ ತಣ್ಣೀರಿನಲ್ಲಿ ಇಳಿಸಿ, ಜುಟ್ಟು ಒದ್ದೆ ಮಾಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಪ್ರಶ್ನೆ: ಜೋಳ, ಸಜ್ಜೆ ಅಷ್ಟೇ ಹಾಕಿದರೆ ಸಾಲದೇ? (ಕುಷ್ಟಗಿ)

ಉತ್ತರ: ಸಾಲದು. ಉದುರಿದ ಒಂದು ರೆಕ್ಕೆಗರಿಯನ್ನು ಬೆಳಕಿಗೆ ಹಿಡಿದು ನೋಡಿ. ಅಡ್ಡಕ್ಕೆ ಕೂದಲೆಳೆಯಂಥ ತೆಳುಗೆರೆ ಕಂಡರೆ, ಆ ಭಾಗ ಬೆಳೆಯುವ ದಿನಗಳಲ್ಲಿ ಕೋಳಿ ಉಪವಾಸ, ಜ್ವರ ಅಥವಾ ಹೆದರಿಕೆ ಅನುಭವಿಸಿದೆ ಎಂದರ್ಥ. ಗರಿ ಅಲ್ಲೇ ಮುರಿಯುತ್ತದೆ. ಗರಿ ಎಂದರೆ ಬಹುಪಾಲು ಪ್ರೋಟೀನ್, ಜೋಳದಲ್ಲಿ ಅದು ಶೇ 10ರ ಆಸುಪಾಸು. ಗರಿ ಉದುರಿಸಿ ಹೊಸದು ಬರುವಾಗ ಶೇ 18-20 ಪ್ರೋಟೀನಿನ ಮೇವು ಕೊಡಿ, ಕಾಳು ನಾಲ್ಕನೇ ಒಂದು ಪಾಲು ಮೀರದಿರಲಿ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಮುಟ್ಟಿಸಲೇಬೇಡಿ, ಅದರ ವಿಷ ಪಿತ್ತಜನಕಾಂಗವನ್ನು ಹಾಳುಮಾಡುತ್ತದೆ.

ಪ್ರಶ್ನೆ: ಬಿಳಿ ಕೊಚಿನ್ ಬ್ಯಾಂಟಮ್ ಇವೆ. ಇಲ್ಲಿನ ಕೆಂಪು ಧೂಳಿಗೆ ಗರಿ ಇಟ್ಟಿಗೆ ಬಣ್ಣಕ್ಕೆ ತಿರುಗಿವೆ. ಪ್ರದರ್ಶನಕ್ಕೆ ಹೇಗೆ ತಯಾರು ಮಾಡಲಿ? (ಸಂಡೂರು)

ಉತ್ತರ: ಅದಿರಿನ ಧೂಳು ನುಣುಪು, ಕಾಲಿನ ಗರಿಯ ಬುಡಕ್ಕೆ ಸೇರಿದರೆ ಒಂದೇ ತೊಳೆತಕ್ಕೆ ಹೋಗದು. ಆರು ವಾರ ಮೊದಲೇ ನೆಲಕ್ಕೆ ಬಿಡುವುದು ನಿಲ್ಲಿಸಿ, ಎರಡು ಇಂಚು ತೊಳೆದ ಮರಳಿನ ಮೇಲೆ ಇಡಿ. ಮುರಿದ ಗರಿ ಕಿತ್ತರೆ ಹೊಸದು ಬರಲು ಆರರಿಂದ ಎಂಟು ವಾರ ಬೇಕು, ಅದನ್ನು ಎಂಟು ವಾರ ಮೊದಲೇ ಮುಗಿಸಿ.

ಸ್ನಾನ ಪ್ರದರ್ಶನಕ್ಕೆ ಮೂರು ದಿನ ಮುಂಚೆ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೋಳಿ ಮತ್ತೆ ಗರಿಗೆ ಸವರಿಕೊಳ್ಳಲು ಅಷ್ಟು ದಿನ ಬೇಕು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸಾಬೂನು ಗರಿಗೆ ಅಂಟಿ ಮಂಕಾಗುತ್ತದೆ, ಶುದ್ಧ ನೀರಿನ ಘಟಕದ ಎರಡು ಕ್ಯಾನ್ ತನ್ನಿ. ನಾಲ್ಕು ಟಬ್ ಇಡಿ. ಮೊದಲನೆಯದರಲ್ಲಿ ಬರೀ 38-40 ಡಿಗ್ರಿ ನೀರು, ಧೂಳು ಇಳಿಯಲಿ. ಎರಡನೆಯದಕ್ಕೆ ಮಕ್ಕಳ ಶಾಂಪೂ. ಸ್ಪಂಜನ್ನು ತಲೆಯಿಂದ ಬಾಲದ ಕಡೆಗೇ ಎಳೆಯಿರಿ, ಅಡ್ಡ ಉಜ್ಜಿದರೆ ಗರಿಯ ಕೊಕ್ಕೆಗಳು ಬಿಚ್ಚಿಕೊಳ್ಳುತ್ತವೆ. ಮೂರನೆಯದು ನೊರೆ ಹೋಗುವವರೆಗೆ ಜಾಲಿಸಲು. ನಾಲ್ಕನೆಯದಕ್ಕೆ ಎರಡು ಚಮಚ ವಿನೆಗರ್, ಬಟ್ಟೆಗೆ ಹಾಕುವ ನೀಲಿ ಒಂದೇ ಹನಿ. ಎರಡು ಹನಿಯಾದರೆ ಕೋಳಿಯೇ ನೀಲಿಯಾಗುತ್ತದೆ. ತಲೆ ಮುಳುಗಿಸಬೇಡಿ. ಟವೆಲ್‌ನಲ್ಲಿ ಒತ್ತಿ, ಗಾಳಿ ಬಡಿಯದ ಬೆಚ್ಚನೆಯ ನೆರಳಿನಲ್ಲಿ ಒಣಗಿಸಿ. ಜುಟ್ಟಿಗೆ, ಕಾಲಿಗೆ ವ್ಯಾಸಲಿನ್ ತೆಳುವಾಗಿ ಸವರಿ. ಬಣ್ಣ ಹಚ್ಚುವುದು, ಬೇರೆ ಬಣ್ಣದ ಗರಿ ಕಿತ್ತು ದೋಷ ಮುಚ್ಚುವುದು ಮೋಸ, ಸಿಕ್ಕಿಬಿದ್ದರೆ ಕೋಳಿ ಅನರ್ಹ.

ಎರಡು ವಾರ ಮೊದಲಿಂದ ದಿನಕ್ಕೆ ಹತ್ತು ನಿಮಿಷ ಒಂದೂವರೆ ಅಡಿ ಚೌಕದ ಪಂಜರದಲ್ಲಿ ಅಭ್ಯಾಸ ಮಾಡಿಸಿ. ತೆಗೆಯುವಾಗಲೂ ಒಳಗಿಡುವಾಗಲೂ ತಲೆ ಮುಂದೆ ಇರಲಿ, ಎದೆ ನಿಮ್ಮ ಅಂಗೈ ಮೇಲೆ, ಕಾಲುಗಳು ಬೆರಳುಗಳ ನಡುವೆ. ತೀರ್ಪುಗಾರರು ಮೊದಲು ನೋಡುವುದು ಆಕಾರ. ಕೊಚಿನ್ ಹೆದರಿ ಕತ್ತು ಚಾಚಿ ನಿಂತರೆ ಅದರ ಗುಂಡಗಿನ ಆಕಾರವೇ ಕಾಣುವುದಿಲ್ಲ.

ಪ್ರದರ್ಶನದಿಂದ ಬಂದ ಕೋಳಿಯನ್ನು ನೇರ ಗುಂಪಿಗೆ ಬಿಡಬೇಡಿ. 21 ದಿನ ಬೇರೆ ಇಟ್ಟು, ಅದರ ಮೇವು-ನೀರು ಕೊನೆಗೆ ನೋಡಿಕೊಳ್ಳಿ, ಚಪ್ಪಲಿಯೂ ಬೇರೆ ಇರಲಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಹೊರಡುವ ಮೂರು ವಾರ ಮೊದಲೇ ಹಾಕಿಸಿರಬೇಕು. ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ.