ಗರ್ಭಿಣಿ ಇರುವಾಗ ಲಸಿಕೆ: ಮನೆಯವರನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದವರಿಗೆ

ನಿಮಗೀಗ ಐದು ತಿಂಗಳು, ಮನೆ ಕಾಸರಗೋಡು, ಡಾಕ್ಟರ್ ಮಂಗಳೂರು. ಆಶಾ ಅಕ್ಕ ಟಿಡಿ (ಧನುರ್ವಾಯು, ಗಂಟಲಮಾರಿಯ ಲಸಿಕೆ) ಹಾಕಿಸಿ ಅಂತಾರೆ, ಮಂಗಳೂರಿನ ಡಾಕ್ಟರ್ ಫ್ಲೂ ಮತ್ತು ನಾಯಿಕೆಮ್ಮಿನ ಲಸಿಕೆ ಅಂತಾರೆ, ಅತ್ತೆ ಎಲ್ಲಾ ಹೆರಿಗೆ ಆದ ಮೇಲೆ ಅಂತಾರೆ. ಹಾಗೆ ಮಾಡಿದರೆ ಸಾಲದೇ, ಅತ್ತೆಯನ್ನು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ. ಇದು ನನ್ನದೇ ಕಥೆ. ನನ್ನ ಸಲ ಕೋವಿಡ್ ಲಸಿಕೆಯ ಗಲಾಟೆ, ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಪೆರ್ಲದ ಹತ್ತಿರ. 2021ರ ಜನವರಿ 16ಕ್ಕೆ ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಗರ್ಭಿಣಿಯರಿಗೆ ಬೇಡ ಅಂದಿದ್ದರು. ಜುಲೈ 2ಕ್ಕೆ ಹಾಕಿಸಬಹುದು ಅಂದರು. ಕೇರಳದಲ್ಲಿ ‘ಮಾತೃಕವಚಂ’ ಅಂತ ಅಭಿಯಾನವೇ ಶುರುವಾಯಿತು. ನನಗಾಗ ನಿಮ್ಮ ಹಾಗೆಯೇ ಐದು ತಿಂಗಳು. ಆರು ತಿಂಗಳ ಹಿಂದೆ ಬೇಡವಾಗಿದ್ದದ್ದು ಈಗ ಬೇಕು ಅಂದರೆ ಯಾರಿಗಾದರೂ ಸಂಶಯ ಬರುತ್ತದೆ ಅಲ್ವಾ? ಮೊದಲು ಪರೀಕ್ಷೆ ಮಾಡುವಾಗ ಗರ್ಭಿಣಿಯರನ್ನು ಸೇರಿಸಿರಲಿಲ್ಲ, ಹಾಗಾಗಿ ಹೇಳಲು ಮಾಹಿತಿಯೇ ಇರಲಿಲ್ಲ. ಬೇರೆ ದೇಶಗಳಲ್ಲಿ ಗರ್ಭಿಣಿಯರು ಹಾಕಿಸಿಕೊಂಡು, ಏನಾಯಿತು ಅಂತ ಗೊತ್ತಾದ ಮೇಲೆ ಇಲ್ಲೂ ಬಿಟ್ಟರು. ಇಷ್ಟನ್ನು ಆಗ ಯಾರಾದರೂ ಕೂತು ಹೇಳಿದ್ದರೆ ನನ್ನ ಅರ್ಧ ಹೆದರಿಕೆ ಹೋಗುತ್ತಿತ್ತು.

ಅತ್ತೆಯ ಹೆದರಿಕೆ ಬೇರೆಯದು. ಅವರ ತವರು ಗೇರು ತೋಟಗಳ ಪಕ್ಕ. 2000ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಿದ್ದರು. ಏನೂ ಆಗುವುದಿಲ್ಲ ಅಂತ ದೊಡ್ಡವರೇ ಹೇಳಿದ್ದರಂತೆ. ತಲೆ ದೊಡ್ಡದಾಗಿ ಹುಟ್ಟಿದ ಮಕ್ಕಳನ್ನು, ಎದ್ದು ನಿಲ್ಲಲಾಗದ ಮಕ್ಕಳನ್ನು ಎತ್ತಿಕೊಂಡು ಓಡಾಡಿದ ತಾಯಂದಿರನ್ನು ಅತ್ತೆ ಕಣ್ಣಾರೆ ಕಂಡವರು. "ಸರಕಾರ ಒಳ್ಳೆಯದು ಅಂದದ್ದು ಹೊಟ್ಟೆಯಲ್ಲಿರುವ ಮಗುವಿಗೆ ಬೇಡ ಮಗಾ" ಅಂದರು. ಅದನ್ನು ಮೂಢನಂಬಿಕೆ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನಮ್ಮ ಊರಿನಲ್ಲಿ ಹಾಗೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ನನ್ನನ್ನು ತಡೆದದ್ದು ಅತ್ತೆಯಲ್ಲ. ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗಡಿಯಲ್ಲಿರುವ ನಮಗೆ ಅದು ತುಂಬಾ ಸುಲಭ.

ಆಶಾ ಅಕ್ಕ ಮನೆಗೆ ಬಂದಾಗ "ನಮ್ಮ ಡಾಕ್ಟರ್ ಮಂಗಳೂರಿನಲ್ಲಲ್ವಾ, ಅಲ್ಲೇ ಹಾಕಿಸುತ್ತೇನೆ" ಅಂದೆ. ಅವರು ತಮ್ಮ ಉದ್ದದ ಪುಸ್ತಕ ತೆಗೆದು ನನ್ನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಮಂಗಳೂರು ಅಂತ ಬರೆದುಕೊಂಡರು. ಮಂಗಳೂರಿನಲ್ಲಿ ಡಾಕ್ಟರ್ ಕೇಳಿದಾಗ "ಊರಿನ ಆರೋಗ್ಯ ಕೇಂದ್ರದಲ್ಲಿ ಹೆಸರು ಕೊಟ್ಟಿದ್ದೇನೆ ಮೇಡಂ" ಅಂದೆ. ಅವರೂ ಫೈಲಿನಲ್ಲಿ ಏನೋ ಬರೆದುಕೊಂಡರು. ಎರಡೂ ಕಡೆ ಎಲ್ಲಾ ಸರಿಯಾಗಿ ಕಾಣುತ್ತಿತ್ತು. ಬೇಡ ಅಂತ ನಾನು ಯಾರಿಗೂ ಹೇಳಲಿಲ್ಲ. ಬೇಡ ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದರು, ನನ್ನ ಹೆದರಿಕೆ ಹೊರಗೆ ಬರುತ್ತಿತ್ತು, ಉತ್ತರ ಸಿಗುತ್ತಿತ್ತು. ನಾನು ಆ ಪ್ರಶ್ನೆ ಬರುವುದಕ್ಕೇ ಜಾಗ ಕೊಡಲಿಲ್ಲ. ತಲಪಾಡಿ ಗಡಿಯ ಆಚೆಯವರು ಈಚೆಯವರ ಪುಸ್ತಕ ನೋಡುವುದಿಲ್ಲ, ಈಚೆಯವರು ಆಚೆಯ ಫೈಲು ನೋಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಡ ಕೇಳಿದಾಗಲೂ "ಡಾಕ್ಟರ್ ಹೇಳ್ತಾರೆ" ಅಂತ ತೇಲಿಸಿಬಿಟ್ಟೆ. ಸೀಮಂತದ ಗಡಿಬಿಡಿಯಲ್ಲಿ ಆಗಸ್ಟ್ ಕಳೆಯಿತು.

ಸೀಮಂತ ಮುಗಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಜ್ವರ. ಅತ್ತೆಗೆ, ಮಾವನಿಗೆ ಬೇಗ ಬಿಟ್ಟಿತು. ಅವರಿಗೆ ಲಸಿಕೆ ಆಗಿತ್ತು. ನನಗೆ ಕೆಮ್ಮು ಎದೆಗೆ ಇಳಿಯಿತು. ಒಂದು ರಾತ್ರಿ ಗಂಡ ಬೆರಳಿಗೆ ಆಕ್ಸಿಜನ್ ಕ್ಲಿಪ್ ಸಿಕ್ಕಿಸಿದರೆ 91ಕ್ಕೆ ಇಳಿದಿತ್ತು. ಮಂಗಳೂರಿಗೆ ಹೊರಡೋಣ ಅಂದರೆ ಗಡಿಯಲ್ಲಿ ನೆಗೆಟಿವ್ ರಿಪೋರ್ಟ್ ಕೇಳುತ್ತಿದ್ದ ಸಮಯ, ನನ್ನದು ಪಾಸಿಟಿವ್. ಗಡಿಯಲ್ಲಿ ನಿಂತು ವಾದ ಮಾಡುವಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ಆಂಬುಲೆನ್ಸ್ ಕಣ್ಣೂರಿನ ಕಡೆ ತಿರುಗಿತು. ಅಲ್ಲಿ ನನ್ನನ್ನು ಬಲ್ಲ ಡಾಕ್ಟರ್ ಇಲ್ಲ. ಸ್ಕ್ಯಾನಿಂಗ್, ರಕ್ತದ ರಿಪೋರ್ಟ್ ಎಲ್ಲಾ ಮಂಗಳೂರಿನ ಫೈಲಿನಲ್ಲಿ, ಫೈಲು ಮನೆಯಲ್ಲಿ. ಎಲ್ಲಾ ಹೊಸದಾಗಿ ಮಾಡಿದರು. ಮಗುವಿನ ಶ್ವಾಸಕೋಶ ಬಲಿಯಲು ನನಗೆ ಇಂಜೆಕ್ಷನ್ ಕೊಟ್ಟು, ಎಂಟು ತಿಂಗಳು ತುಂಬುವ ಮೊದಲೇ ಸಿಸೇರಿಯನ್ ಮಾಡಿದರು.

ಮಗು ಒಂದೂವರೆ ಕೆ.ಜಿ. ಚಿಲ್ಲರೆ. ಅವಳು ಮಕ್ಕಳ ಐಸಿಯುನಲ್ಲಿ, ನಾನು ಕೋವಿಡ್ ವಾರ್ಡಿನಲ್ಲಿ. ನರ್ಸ್ ಒಬ್ಬಳು ತನ್ನ ಫೋನಿನಲ್ಲಿ ವೀಡಿಯೋ ತಂದು ತೋರಿಸುತ್ತಿದ್ದಳು. ಮೂಗಿಗೆ ನಳಿಕೆ, ನನ್ನ ಕಿರುಬೆರಳಿನಷ್ಟು ಸಪೂರದ ಕೈಗೆ ಪ್ಲಾಸ್ಟರ್. ಎದೆಹಾಲು ಕಟ್ಟಿಕೊಂಡು ಜ್ವರ ಬಂತು. ಮಗಳನ್ನು ಮುಟ್ಟಲು ಎಷ್ಟೋ ದಿನ ಕಾದೆ. ಈಗ ಆರೋಗ್ಯವಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ. ಲಸಿಕೆ ಹಾಕಿಸಿದ್ದರೆ ಖಂಡಿತ ಹೀಗೆ ಆಗುತ್ತಿರಲಿಲ್ಲ ಅಂತ ನಾನು ಹೇಳಲಾರೆ. ಕೋವಿಡ್ ಬಂದ ಗರ್ಭಿಣಿಯರಿಗೆ ಐಸಿಯು ಬೇಕಾಗುವುದು, ತಿಂಗಳು ತುಂಬದೆ ಹೆರಿಗೆಯಾಗುವುದು ಜಾಸ್ತಿ, ಲಸಿಕೆ ಆ ಅಪಾಯವನ್ನು ತಗ್ಗಿಸುತ್ತದೆ. ಇಷ್ಟು ಮಾತ್ರ ಗ್ಯಾರಂಟಿ.

ಈಗ ನಿಮ್ಮ ಪ್ರಶ್ನೆ. ಹೆರಿಗೆ ಆದ ಮೇಲೆ ಹಾಕಿಸಿದರೆ ಸಾಲದೇ ಅಂದಿರಿ. ಸಾಲದು. ನಾಯಿಕೆಮ್ಮಿನದ್ದನ್ನೇ ನೋಡಿ. ಮಗುವಿಗೆ ಅದರ ಮೊದಲ ಲಸಿಕೆ ಬೀಳುವುದು ಒಂದೂವರೆ ತಿಂಗಳಿಗೆ. ನಾಯಿಕೆಮ್ಮು ಅತೀ ಅಪಾಯ ಮಾಡುವುದು ಎಳೆ ಕೂಸುಗಳಿಗೇ. ಆ ನಡುವಿನ ದಿನಗಳಿಗೆ ಮಗುವಿನ ಮೈಯಲ್ಲಿರುವುದು ಹೊಟ್ಟೆಯಲ್ಲಿದ್ದಾಗ ನಿಮ್ಮ ರಕ್ತದಿಂದ ಹೋದ ರೋಗನಿರೋಧಕ ಶಕ್ತಿ ಮಾತ್ರ. ಅದಕ್ಕೇ 27ರಿಂದ 36ನೇ ವಾರದ ಒಳಗೆ ಹಾಕಿಸುವುದು. ಫ್ಲೂ ಲಸಿಕೆಯೂ ಹಾಗೆಯೇ, ಆರು ತಿಂಗಳವರೆಗೆ ಮಗುವಿಗೆ ಅದನ್ನು ನೇರವಾಗಿ ಕೊಡುವುದಿಲ್ಲ.

ಟಿಡಿ ಬಗ್ಗೆ ಚರ್ಚೆಯೇ ಬೇಡ. ಹಳೆಯ ಟಿಟಿಗೆ, ಅಂದರೆ ಧನುರ್ವಾಯುವಿನ ಲಸಿಕೆಗೆ, ಗಂಟಲಮಾರಿಯ ಲಸಿಕೆಯೂ ಸೇರಿದ್ದು ಅದು. ನಿಮ್ಮ ಅತ್ತೆ ನಿಮ್ಮ ಗಂಡನನ್ನು ಹೊತ್ತಾಗ ಟಿಟಿ ಹಾಕಿಸಿಕೊಂಡಿರುತ್ತಾರೆ, ಕೇಳಿ ನೋಡಿ. ಹುಟ್ಟಿದ ವಾರದಲ್ಲೇ ಮೊಲೆ ಚೀಪುವುದು ಬಿಟ್ಟು, ಮೈ ಸೆಟೆದು ಸಾಯುವ ಕೂಸುಗಳ ಕಥೆ ನಮ್ಮ ಅಜ್ಜಿಯಂದಿರಿಗೆ ಗೊತ್ತು. ಅದು ಧನುರ್ವಾಯು. 2015ರಲ್ಲಿ ಭಾರತ ಅದನ್ನು ಹತೋಟಿಗೆ ತಂದಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಆಸ್ಪತ್ರೆ ಹೆರಿಗೆಯ ಜೊತೆಗೆ ಈ ಸೂಜಿಯೂ ಅದಕ್ಕೆ ಕಾರಣ.

ಅತ್ತೆಯನ್ನು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೇ ನನಗೆ ಸರಿ ಕಾಣಲಿಲ್ಲ. ಒಪ್ಪಿಸಬೇಕು ಅಂತ ಯಾರು ಹೇಳಿದರು? ತೋಳು ನಿಮ್ಮದು. ಅವರ ಹೆದರಿಕೆ ಕೇಳಿ, ಮರ್ಯಾದೆ ಕೊಡಿ, ಆದರೆ ಅವರ ಒಪ್ಪಿಗೆಗೆ ಕಾಯಬೇಡಿ. ಎರಡನೆಯ ಬಸುರಿಯಲ್ಲಿ ನಾನು ಅತ್ತೆಯನ್ನು ಡಾಕ್ಟರ ಎದುರೇ ಕೂರಿಸಿದೆ. ಎಂಡೋಸಲ್ಫಾನಿನ ವಿಷಯ ಅವರೇ ಎತ್ತಿದರು. ಡಾಕ್ಟರ್ ನಗಲಿಲ್ಲ. "ಆಗ ನಿಮ್ಮನ್ನು ಯಾರೂ ಕೇಳಲಿಲ್ಲ, ಆಮೇಲೆ ಏನಾಯಿತು ಅಂತ ನೋಡಲೂ ಬರಲಿಲ್ಲ. ಈಗ ನಾನು ಕೇಳಿ ಹಾಕುತ್ತೇನೆ, ಕಾರ್ಡಿನಲ್ಲಿ ಬರೆಯುತ್ತೇನೆ, ಏನಾದರೂ ಆದರೆ ನನ್ನನ್ನೇ ಹಿಡಿಯಿರಿ" ಅಂದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಲಸಿಕೆ ಆಯಿತು. ತೋಳು ನೋವು, ಸಂಜೆ ಸ್ವಲ್ಪ ಮೈ ಬಿಸಿ, ಮರುದಿನ ಸರಿ.

ಕಾರ್ಡ್ ಒಂದೇ ಇರಲಿ, ಎರಡೂ ಕಡೆ ಅದನ್ನೇ ತೋರಿಸಿ. ನಾಯಿಕೆಮ್ಮಿನ ಲಸಿಕೆಯಲ್ಲಿ ಟಿಡಿಯೂ ಸೇರಿರುತ್ತದೆ. ಹಾಗಾಗಿ ಎಲ್ಲಿ ಯಾವುದು ಅಂತ ಇಬ್ಬರಿಗೂ ಗೊತ್ತಿರಬೇಕು. ಮೊದಲು ಯಾವುದಾದರೂ ಲಸಿಕೆಗೆ ಮೈ ದದ್ದೆದ್ದಿದ್ದರೆ, ಉಸಿರು ಕಟ್ಟಿದ್ದರೆ ಹೇಳಿ. ದಡಾರದ ಲಸಿಕೆ ಗರ್ಭಿಣಿಯರಿಗೆ ಕೊಡುವುದಿಲ್ಲ, ಅದನ್ನು ಈ ಲಸಿಕೆಗಳ ಜೊತೆ ಗಂಟು ಹಾಕಿ ಹೆದರಿಸಿದರೆ ನಂಬಬೇಡಿ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಬುಧವಾರ ಲಸಿಕೆಯ ದಿನ. ಮಂಗಳೂರಿನ ಫೈಲು ಹಿಡಿದುಕೊಂಡು ಈ ಬುಧವಾರವೇ ಹೋಗಿ, ಅತ್ತೆಗೂ ಬರಲು ಹೇಳಿ.