ಎರಡು ದಿನ, ಒಂದೇ ಊರು, ಮಧ್ಯಾಹ್ನದ ನಿದ್ದೆ

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು. ಶಾರ್ಜಾದಲ್ಲಿದ್ದೀರಿ, ಮಗಳಿಗೆ ಐದು ವರ್ಷ, ಮಗನಿಗೆ ಎರಡು. ವಾರಾಂತ್ಯಕ್ಕೆ ಎಲ್ಲಾದರೂ ಒಂದು ರಾತ್ರಿ ಉಳಿದು ಬರಬೇಕು, ಆದರೆ ಬಂದ ಮೇಲೆ ಸುಸ್ತು ಕಳೆಯೋಕೆ ಮತ್ತೊಂದು ರಜೆ ಹಾಕೋ ಹಾಗೆ ಆಗಬಾರದು. ಬೆಟ್ಟಗಳ ನಡುವಿನ ಹತ್ತಾ, ಜೆಬೆಲ್ ಜೈಸ್ ಬೆಟ್ಟ, ಪೂರ್ವ ಕರಾವಳಿಯ ಊರು ಖೋರ್‌ಫಕ್ಕಾನ್, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಖೋರ್‌ಫಕ್ಕಾನ್. ಅದೊಂದೇ. "ಹೇಗೂ ಹೊರಟಿದ್ದೀವಲ್ಲ, ಇನ್ನೊಂದನ್ನೂ ನೋಡಿಕೊಂಡು ಬರೋಣ" ಅಂತ ಮನೆಯಲ್ಲಿ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ.

ನಮ್ಮ ಮನೆಯಲ್ಲಿ ಹಾಗೆ ಅಂದವನು ನಾನೇ. ಆಗ ನಮ್ಮ ಮಗನಿಗೆ ಎರಡೂವರೆ ವರ್ಷ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಬಾಳೆಹಣ್ಣು ಹಾಲು ಕೊಟ್ಟು, ಜೈಸ್ ಹತ್ತಿ ಇಳಿದು ಸಂಜೆ ಪೂರ್ವ ಕರಾವಳಿಯ ಫುಜೈರಾ ಕಡೆ ಹೋಗಿ ಮಲಗೋದು ಅಂತ ಯೋಜನೆ. ಜೈಸ್ ಬೆಟ್ಟ 1,900 ಮೀಟರ್ ದಾಟುತ್ತದೆ, ಹೆಚ್ಚೂ ಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ರಸ್ತೆ ಏನೋ ಬೆಣ್ಣೆ ಹಾಗಿದೆ, ಆದರೆ ತಿರುವು ಮೇಲೆ ತಿರುವು. ಅರ್ಧ ಹತ್ತುವಷ್ಟರಲ್ಲಿ ಬಾಳೆಹಣ್ಣೂ ಹಾಲೂ ಎರಡೂ ಹಿಂದಿನ ಸೀಟಿನ ಮೇಲಿತ್ತು. ಮೇಲೆ ಹೋದರೆ ಜೋರು ಗಾಳಿ, ಚಳಿ, ಸ್ವೆಟರ್ ಮನೆಯಲ್ಲಿ. ಹತ್ತು ನಿಮಿಷ ನಿಂತು, ಫೋಟೋ ತೆಗೆದು, ಇಳಿದೆವು. ಇಳಿಯುವಾಗ ಮತ್ತೆ ವಾಂತಿ. ಫುಜೈರಾ ಆ ದಿನ ನೋಡಲೇ ಇಲ್ಲ, ಸೀದಾ ಮನೆಗೆ ಬಂದು ಸೀಟು ತೊಳೆದದ್ದೇ ನಮ್ಮ ವಾರಾಂತ್ಯ. ಬೆಟ್ಟದ ತಪ್ಪಲ್ಲ ಬಿಡಿ, ಮಕ್ಕಳು ಎಂಟು ಹತ್ತು ವರ್ಷದವರಾದ ಮೇಲೆ ಖಂಡಿತ ಹೋಗಿ. ಹತ್ತಾ ಕೂಡ ಚೆನ್ನಾಗಿದೆ, ಆದರೆ ಅಲ್ಲಿನ ಮಜಾ ಎಲ್ಲ ಡ್ಯಾಮಿನಲ್ಲಿ ಕಯಾಕ್ ನಡೆಸೋದು, ಬೆಟ್ಟದಲ್ಲಿ ಸೈಕಲ್ ಹೊಡೆಯೋದು. ಎರಡು ವರ್ಷದವನನ್ನು ಕಟ್ಟಿಕೊಂಡು ಅದೆಲ್ಲ ಆಗೋದಿಲ್ಲ, ಒಬ್ಬರು ಮಜಾ ಮಾಡ್ತಾರೆ, ಇನ್ನೊಬ್ಬರು ದಡದಲ್ಲಿ ಮಗು ಹಿಡ್ಕೊಂಡು ಕೂತಿರ್ತಾರೆ.

ಖೋರ್‌ಫಕ್ಕಾನ್ ಯಾಕೆ ಅಂದರೆ, ಮೊದಲನೆಯದು ದಾರಿ. 2019ರಲ್ಲಿ ಶಾರ್ಜಾದಿಂದ ನೇರ ಹೊಸ ರಸ್ತೆ ಆಯಿತು, ಹಜರ್ ಬೆಟ್ಟಗಳನ್ನು ಕೊರೆದು ಐದು ಸುರಂಗ ಮಾಡಿದ್ದಾರೆ. ದಟ್ಟಣೆ ಇಲ್ಲದಿದ್ದರೆ ಒಂದು, ಒಂದೂಕಾಲು ಗಂಟೆ. ನಿಮ್ಮ ಮಗಳಿಗೆ ಸುರಂಗ ಎಣಿಸೋ ಕೆಲಸ ಕೊಡಿ. ನನ್ನ ಮಗಳು ಪ್ರತಿ ಸುರಂಗದಲ್ಲೂ ಉಸಿರು ಬಿಗಿಹಿಡಿಯೋಕೆ ನೋಡ್ತಾಳೆ, ಒಂದರಲ್ಲೂ ಗೆದ್ದಿಲ್ಲ.

ಎರಡನೆಯದು, ನನ್ನ ಪ್ರಕಾರ ಇಡೀ ಪ್ರವಾಸ ನಿಂತಿರೋದು ಇದರ ಮೇಲೆ: ಹೊರಡುವ ಹೊತ್ತು. ಬೆಳಿಗ್ಗೆ ಬೇಗ ಹೊರಡಬೇಡಿ. ಹೋಟೆಲಿನವರು ಎರಡು ಮೂರು ಗಂಟೆಗೆ ಮೊದಲು ರೂಮು ಕೊಡೋದಿಲ್ಲ, ಅಲ್ಲಿಯವರೆಗೆ ನಿದ್ದೆಗಣ್ಣಿನ ಮಗುವನ್ನು ಎತ್ಕೊಂಡು ಲಾಬಿಯಲ್ಲಿ ಅಡ್ಡಾಡಬೇಕಾಗುತ್ತೆ. ಅದರ ಬದಲು ಮನೆಯಲ್ಲೇ ಹನ್ನೊಂದೂವರೆಗೆ ಅನ್ನ ಸಾರು ಉಣಿಸಿ, ಹನ್ನೆರಡಕ್ಕೆ ಕಾರು ಹತ್ತಿಸಿ. ಸಣ್ಣವನು ಊರು ದಾಟುವ ಮೊದಲೇ ಮಲಗ್ತಾನೆ, ನೀವಿಬ್ಬರೂ ಎಷ್ಟೋ ದಿನದ ಮೇಲೆ ಒಂದು ಮಾತು ಪೂರ್ತಿ ಆಡಿ ಮುಗಿಸಬಹುದು. ಅವನು ಏಳುವ ಹೊತ್ತಿಗೆ ಸರಿಯಾಗಿ ಅಲ್ ರಫೀಸಾ ಡ್ಯಾಮ್ ಬರುತ್ತದೆ. ಇದು ಖೋರ್‌ಫಕ್ಕಾನ್‌ಗೆ ಮೊದಲೇ ರಸ್ತೆ ಬದಿಯಲ್ಲೇ ಸಿಗುತ್ತದೆ. ಸುತ್ತ ಬೋಳು ಬೆಟ್ಟ, ನಡುವೆ ಹಸಿರು ನೀರು, ಬಾತುಕೋಳಿ, ಮಕ್ಕಳಿಗೆ ಆಡೋಕೆ ಜಾಗ, ಶೌಚಾಲಯ, ಚಹಾ. ನಾವು ಅಲ್ಲಿ ಒಂದು ಗಂಟೆ ಕೂತು, ಕರಕ್ (ಇಲ್ಲಿನ ಗಟ್ಟಿ ಹಾಲಿನ ಚಹಾ) ಕುಡಿದು, ಆಮೇಲೆ ರೂಮಿಗೆ ಹೋಗುತ್ತೇವೆ. ಮೊದಲ ದಿನ ನೋಡೋದು ಅಷ್ಟೇ. ಇದೇ ರಸ್ತೆಯಲ್ಲಿ ಶೀಸ್ ಪಾರ್ಕ್ ಅಂತ ಇನ್ನೊಂದಿದೆ, ಅದನ್ನು ಮುಂದಿನ ಸಲಕ್ಕೆ ಇಡಿ. ನಿಜವಾಗಲೂ ಇಡಿ.

ಸಂಜೆ ಬೀಚ್. ಖೋರ್‌ಫಕ್ಕಾನ್ ಕಡಲು ಒಂದು ಕೊಲ್ಲಿಯೊಳಗೆ ಇರೋದರಿಂದ ಅಲೆ ಸಾಮಾನ್ಯವಾಗಿ ಸಣ್ಣದು, ಪಣಂಬೂರು ಮಲ್ಪೆಯ ಅಬ್ಬರ ನೋಡಿ ಬೆಳೆದ ನಮಗೆ ಇದೇನು ಕೆರೆಯಾ ಅನ್ನಿಸಬಹುದು. ಹಾಗಂತ ಮಕ್ಕಳನ್ನು ಕೈಗೆಟುಕದಷ್ಟು ದೂರ ಬಿಡಬೇಡಿ. ಬೆಟ್ಟ ಪಶ್ಚಿಮಕ್ಕೆ ಇರೋದರಿಂದ ಸೂರ್ಯ ಬೇಗ ಅದರ ಹಿಂದೆ ಹೋಗ್ತಾನೆ, ಸಂಜೆ ಆಗುವ ಮೊದಲೇ ಮರಳಿನ ಮೇಲೆ ನೆರಳು ಬೀಳುತ್ತದೆ.

ನನಗೆ ತುಂಬಾ ಇಷ್ಟ ಆಗಿದ್ದು ಮರುದಿನ ಬೆಳಿಗ್ಗೆ. ನಾವು ಕರಾವಳಿಯವರು, ಸೂರ್ಯ ಕಡಲಿಗೆ ಇಳಿಯೋದನ್ನೇ ನೋಡಿದವರು. ದುಬೈ ಶಾರ್ಜಾ ಬೀಚಿನಲ್ಲೂ ಅದೇ. ಇಲ್ಲಿ ಓಮಾನ್ ಕೊಲ್ಲಿಯ ಕಡೆ ಅವನು ಕಡಲಿನಿಂದ ಏಳ್ತಾನೆ. ಮಕ್ಕಳು ರಜೆ ದಿನ ಹೇಗೂ ಆರಕ್ಕೇ ಏಳ್ತಾರೆ ಅಲ್ವಾ, ಶಾಲೆ ಇರೋ ದಿನ ಮಾತ್ರ ಎಬ್ಬಿಸಬೇಕು. ಬೈಯುವ ಬದಲು ಹಾಗೇ ನೈಟ್ ಡ್ರೆಸ್ಸಿನಲ್ಲೇ ಮರಳಿಗೆ ಕರ್ಕೊಂಡು ಹೋಗಿ. ಚಳಿಗಾಲದಲ್ಲಿ ಏಳು ಗಂಟೆ ಸುಮಾರಿಗೆ ಸೂರ್ಯೋದಯ. ಬಕೆಟ್ಟು, ಚಮಚ ಇದ್ದರೆ ಎರಡು ಗಂಟೆ ಹೇಗೆ ಹೋಯಿತು ಗೊತ್ತಾಗೋದಿಲ್ಲ.

ಅಷ್ಟಾದ ಮೇಲೂ ಎಲ್ಲಾದರೂ ಹೋಗಲೇಬೇಕು ಅನ್ನಿಸಿದರೆ ಉತ್ತರಕ್ಕೆ ದಿಬ್ಬಾ ಊರಿನ ಕಡೆ ಸ್ವಲ್ಪ ದೂರದಲ್ಲಿ ಅಲ್ ಬಿದಿಯಾ ಮಸೀದಿ ಇದೆ. ಎಮಿರೇಟ್ಸಿನಲ್ಲಿ ಉಳಿದಿರುವ ಅತಿ ಹಳೆಯ ಮಸೀದಿಗಳಲ್ಲಿ ಒಂದು, 15ನೇ ಶತಮಾನದ್ದು ಅಂತಾರೆ. ಕಲ್ಲು ಮಣ್ಣಿನ ಪುಟ್ಟ ಕಟ್ಟಡ, ಮೇಲೆ ನಾಲ್ಕು ಗುಮ್ಮಟ, ಒಳಗೆ ಆ ನಾಲ್ಕನ್ನೂ ಹೊತ್ತು ನಿಂತಿರೋದು ನಡುವಿನ ಒಂದೇ ಒಂದು ಕಂಬ. ಇಪ್ಪತ್ತು ನಿಮಿಷ ಸಾಕು. ಪ್ರಾರ್ಥನೆ ಹೊತ್ತು ತಪ್ಪಿಸಿ ಹೋಗಿ, ಮೈ ಮುಚ್ಚುವ ಬಟ್ಟೆ ಇರಲಿ, ತಲೆಗೆ ಒಂದು ದುಪ್ಪಟ್ಟಾ ಇಟ್ಕೊಳ್ಳಿ.

ರೂಮಿನ ವಿಷಯ. ದೊಡ್ಡ ರೆಸಾರ್ಟಿಗಿಂತ ಅಡಿಗೆಮನೆ ಇರೋ ಹೋಟೆಲ್ ಅಪಾರ್ಟ್‌ಮೆಂಟ್ ವಾಸಿ, ಕನಿಷ್ಠ ಫ್ರಿಜ್ಜು ಕೆಟಲ್ ಆದರೂ ಇರಬೇಕು. ಒಂದು ಸಲ "ಬೀಚ್ ಪಕ್ಕ, ಫ್ಯಾಮಿಲಿ ರೂಮ್" ಅಂತ ನೋಡಿ ಬುಕ್ ಮಾಡಿದ್ದೆವು. ಹೋಗಿ ನೋಡಿದರೆ ಪಕ್ಕ ಅನ್ನೋದು ನಾಲ್ಕು ಲೇನಿನ ರಸ್ತೆಯ ಆಚೆ, ಫ್ಯಾಮಿಲಿ ಅನ್ನೋದು ಒಂದು ಮಡಚೋ ಮಂಚ. ಈಗ ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರೇ ಪ್ರಶ್ನೆ ಕೇಳ್ತೀನಿ: ರೂಮಿನಿಂದ ಮರಳಿಗೆ ರಸ್ತೆ ದಾಟಬೇಕಾ, ಬಾಲ್ಕನಿ ಬಾಗಿಲಿಗೆ ಚಿಲಕ ಇದೆಯಾ, ಚಳಿಗಾಲದಲ್ಲಿ ಈಜುಕೊಳದ ನೀರು ಬಿಸಿ ಮಾಡ್ತೀರಾ. ಇನ್ನೊಂದು, ಖೋರ್‌ಫಕ್ಕಾನ್ ಶಾರ್ಜಾಕ್ಕೆ ಸೇರಿದ್ದು, ಶಾರ್ಜಾದಲ್ಲಿ ಮದ್ಯ ನಿಷೇಧ, ಹಾಗಾಗಿ ಅಲ್ಲಿನ ಹೋಟೆಲಿನಲ್ಲಿ ಬಿಯರ್ ಸಿಗೋದಿಲ್ಲ. ನಿಮ್ಮ ಯಜಮಾನರಿಗೆ ಅದು ಮುಖ್ಯ ಆದರೆ ಅಲ್ ಅಖಾ ಬೀಚಿನ ಕಡೆ ನೋಡಿ, ಅದು ಫುಜೈರಾಕ್ಕೆ ಸೇರಿದ್ದು, ಅಲ್ಲಿ ಆ ನಿಷೇಧ ಇಲ್ಲ.

ಊಟಕ್ಕೆ ತಲೆ ಕೆಡಿಸ್ಕೋಬೇಡಿ. ಸಣ್ಣ ಕುಕ್ಕರ್, ಅರ್ಧ ಕೆಜಿ ಅಕ್ಕಿ, ಉಪ್ಪಿನಕಾಯಿ, ಚಟ್ನಿಪುಡಿ. ಮೊಸರು ಯಾವ ಬಕಾಲದಲ್ಲೂ (ಸಣ್ಣ ದಿನಸಿ ಅಂಗಡಿ) ಸಿಗುತ್ತದೆ, ಲಬನ್ ಅಂತ ಮಾರೋದು ನಮ್ಮ ಮಜ್ಜಿಗೆಯೇ, ಸ್ವಲ್ಪ ದಪ್ಪ ಅಷ್ಟೆ. ಎರಡು ದಿನ ಮೊಸರನ್ನ ತಿಂದರೆ ಯಾವ ಮಗುವಿಗೂ ಏನೂ ಆಗೋದಿಲ್ಲ. ದೊಡ್ಡವರಿಗೆ ಒಂದು ಹೊತ್ತು ಹೊರಗೆ ಮೀನು.

ಈಜುಕೊಳಕ್ಕೆ ಹತ್ತಿ ಟೀ ಶರ್ಟು, ಚೂಡಿದಾರ ಹಾಕಿಕೊಂಡು ಇಳಿಯೋಕೆ ಬಿಡೋದಿಲ್ಲ. ನಮ್ಮ ಕಡೆಯವರು ಪ್ರತಿ ಸಲ ಸಿಕ್ಕಿಬೀಳೋದು ಇಲ್ಲೇ, ಹಾಗಾಗಿ ಎಲ್ಲರಿಗೂ ಈಜು ಬಟ್ಟೆ ಮೊದಲೇ ತಗೊಳ್ಳಿ, ಮೈ ಪೂರ್ತಿ ಮುಚ್ಚುವಂಥದ್ದೂ ಸಿಗುತ್ತದೆ. ಸಣ್ಣವನಿಗೆ ಈಜೋ ಡೈಪರ್. ಕಾರಿನಲ್ಲಿ ಅವನಿಗೆ ಮಕ್ಕಳ ಸೀಟು ಬೇಕೇ ಬೇಕು, ನಾಲ್ಕು ವರ್ಷದೊಳಗಿನವರಿಗೆ ಇಲ್ಲಿ ಅದು ಕಾನೂನು, ಇಲ್ಲದಿದ್ದರೆ 400 ದಿರ್ಹಮ್ ದಂಡ. ಮಗಳನ್ನೂ ಮುಂದೆ ಕೂರಿಸಬೇಡಿ.

ಯಾವಾಗ ಅಂದರೆ ನವೆಂಬರಿನಿಂದ ಮಾರ್ಚ್. ಜೂನ್ ಜುಲೈನಲ್ಲಿ ಹೊರಟರೆ ಎಸಿ ರೂಮಿನಿಂದ ಎಸಿ ಕಾರಿಗೆ ಓಡೋದೇ ಆಗುತ್ತದೆ. ಚಳಿಗಾಲದಲ್ಲೂ ಮಳೆ ಮುನ್ಸೂಚನೆ ಇದ್ದರೆ ಹೊರಡಬೇಡಿ, ದುಡ್ಡು ಹೋದರೆ ಹೋಗಲಿ. ಮೇಲೆಲ್ಲೋ ಮಳೆ ಬಿದ್ದು, ನೀವು ನಿಂತಿರೋ ಒಣ ವಾದಿಗೆ (ಮಳೆ ಬಂದಾಗ ಮಾತ್ರ ಹರಿಯೋ ಹಳ್ಳ) ನಿಮಿಷಗಳಲ್ಲಿ ನೀರು ನುಗ್ಗುತ್ತದೆ. ಡ್ಯಾಮು, ವಾದಿ ಎಲ್ಲ ಆಗ ಬೇಡವೇ ಬೇಡ.

ಖೋರ್‌ಫಕ್ಕಾನ್ ಆಗಲೇ ನೋಡಿಯಾಗಿದೆ ಅಂತಾದರೆ ಅಬುಧಾಬಿಗೆ ಸೇರಿದ ಅಲ್ ಐನ್ ಊರು. ಅಲ್ಲಿನ ಓಯಸಿಸ್ 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗಗಳಲ್ಲಿ ಒಂದು. ಊರ ನಡುವೆ ಖರ್ಜೂರದ ತೋಟ, ಒಳಗೆ ನಡೆಯೋ ದಾರಿ, ಪಕ್ಕದಲ್ಲಿ ಫಲಜ್ ಅನ್ನೋ ನೀರಿನ ಕಾಲುವೆ. ನಮ್ಮತ್ತೆ ಬಂದಾಗ ಕರ್ಕೊಂಡು ಹೋಗಿದ್ದೆ, "ಇದು ನಮ್ಮ ಅಡಿಕೆ ತೋಟವೇ, ಮರ ಮಾತ್ರ ಬೇರೆ" ಅಂದರು, ಇಡೀ ಗಲ್ಫಿನಲ್ಲಿ ಅವರಿಗೆ ಹಿಡಿಸಿದ ಜಾಗ ಅದೊಂದೇ. ತಳ್ಳುಗಾಡಿ ಸಲೀಸಾಗಿ ಹೋಗುತ್ತದೆ.

ವಾಪಸ್ ಬರುವಾಗಲೂ ಅದೇ ಲೆಕ್ಕ, ಭಾನುವಾರ ಹನ್ನೆರಡಕ್ಕೆ ರೂಮು ಬಿಟ್ಟು, ಸಣ್ಣವನ ನಿದ್ದೆ ಹೊತ್ತಿಗೆ ಕಾರಿನಲ್ಲಿರಿ. ಸಂಜೆವರೆಗೆ ಕಾದರೆ ಅರ್ಧ ಶಾರ್ಜಾ ನಿಮ್ಮ ಜೊತೆಗೇ ಮನೆಗೆ ಹೊರಟಿರುತ್ತದೆ. ಮಸಾಫಿಯ ಶುಕ್ರವಾರದ ಸಂತೆ ನೋಡಬೇಕು ಅಂತ ಆಸೆ ಇದ್ದರೆ (ಹೆಸರು ಶುಕ್ರವಾರ, ತೆರೆದಿರೋದು ವಾರ ಪೂರ್ತಿ) ಹಳೆ ರಸ್ತೆಯಲ್ಲಿ ಬರಬೇಕು. ಆದರೆ ಕಾರು ನಿಂತ ತಕ್ಷಣ ಅವನು ಎದ್ದುಬಿಡ್ತಾನೆ. ನಾನಾಗಿದ್ದರೆ ನಿಲ್ಲಿಸೋದಿಲ್ಲ.